ನಾನು ಕಾಯಬೇಕಿದ್ದ ಬೆನ್ನು

ಅವರ ಬಲಗೈಯ ನಡುಬೆರಳು ತುದಿಯಲ್ಲಿ ತುಸು ಸೊಟ್ಟಗಿತ್ತು. ಅಂಗೈ ಮಾತ್ರ ಊಟದ ತಟ್ಟೆಯಷ್ಟು ಅಗಲ. ಸುಲಿದ ತೆಂಗಿನಕಾಯಿಯನ್ನು ಮೇಲಿನಿಂದ ಕೈಯಿಟ್ಟು ಒಂದೇ ಹಿಡಿತಕ್ಕೆ ಎತ್ತಿಬಿಡುತ್ತಿದ್ದರು. ನಾನು ಅವರನ್ನು ಮೊದಲು ನೋಡಿದ್ದೇ ಆ ಕೆಲಸದಲ್ಲಿ. ಕಲ್ಯಾಣ ಸ್ಟೇಷನ್ನಿನ ಹೊರಗೆ ಅವರ ಸೋದರಮಾವನ ಹೋಟೆಲಿತ್ತು. ಟೆಂಪೋದ ಮೇಲೆ ನಿಂತು ಅವರು ಕಾಯಿ ಎಸೆಯುತ್ತಿದ್ದರು, ಅಡಿಗೆಮನೆಯ ಬಾಗಿಲಲ್ಲಿ ಭಟ್ಟರು ಹಿಡಿಯುತ್ತಿದ್ದರು. ಕಾಯಿ ಗಿರ್ರನೆ ತಿರುಗುತ್ತ ಹೋಗಿ ಭಟ್ಟರ ಕೈಯಲ್ಲಿ ಸದ್ದಿಲ್ಲದೆ ಕೂರುತ್ತಿತ್ತು. ಚಹಾ ಕುಡಿಯುತ್ತಿದ್ದ ನಾನು, ಇದು ಹೆಂಗ್ರಿ ಸಾಧ್ಯ ಎಂದು ಕೇಳಿದೆ. "ಹಿಡಿಯುವವನ ಕೈಗೆ ನೋವಾಗಬಾರದು ಮಾರಾಯ್ರೇ," ಎಂದರು. "ಒಮ್ಮೆ ನೋವಾದ್ರೆ ನಾಳೆ ಅವನು ಕೈ ಹಿಂದೆ ತಗೊಳ್ತಾನೆ."

ಮುಂದೆ ಅವರು ಕ್ವಾರ್ಟರ್‌ಬ್ಯಾಕ್ ಆದರು. ಅಮೆರಿಕದವರ ಫುಟ್‌ಬಾಲ್ ಆಟದಲ್ಲಿ, ಸಂಬಳ ಕೊಡುವ ತಂಡದಲ್ಲಿ, ಟಿವಿಯಲ್ಲಿ ಕಾಣಿಸುವ ಪಂದ್ಯಗಳಲ್ಲಿ. ಈ ಮಾತನ್ನು ಕಲ್ಯಾಣದಲ್ಲಿ ಯಾರಿಗೆ ಹೇಳಿದರೂ ನನ್ನ ಮುಖ ನೋಡುತ್ತಾರೆ. ನಮ್ಮಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು, ಧಾರವಾಡದ ಕಡೆಯಿಂದ ಬಂದವರು. ಕ್ವಾರ್ಟರ್ ಎಂದರೆ ಅವರಿಗೆ ರೈಲ್ವೆಯವರು ಕೊಡುವ ಮನೆ. "ಕ್ವಾರ್ಟರ್ ವಾಪಸ್ ಯಾಕ ಕೊಟ್ಟಾನ ಆಂವಾ?" ಎಂದು ಕೇಳಿದ್ದರು. ನಮ್ಮ ಬಿಲ್ಡಿಂಗಿನ ಉಳಿದ ಗಂಡಸರಿಗೆ ಕ್ವಾರ್ಟರ್ ಎಂದೊಡನೆ ಬ್ರಾಂದಿ ಬಾಟಲಿ ನೆನಪಾಗುತ್ತಿತ್ತು.

ಹೆಸರು ಫುಟ್‌ಬಾಲ್ ಆದರೂ ಈ ಆಟದಲ್ಲಿ ಕಾಲಿನಿಂದ ಒದೆಯುವ ಕೆಲಸ ಕಡಿಮೆ. ಎರಡೂ ತುದಿ ಚೂಪಾದ ಚೆಂಡನ್ನು ಹಿಡಿದು ಓಡಬೇಕು, ಇಲ್ಲವೆ ಓಡುತ್ತಿರುವವನಿಗೆ ಎಸೆಯಬೇಕು. ಯಾರಿಗೆ, ಯಾವಾಗ, ಎಷ್ಟು ದೂರ ಎಂದು ನಿರ್ಧರಿಸಿ ಎಸೆಯುವವನೇ ಕ್ವಾರ್ಟರ್‌ಬ್ಯಾಕ್. ಎದುರಾಳಿಗಳೆಲ್ಲ ಅವನನ್ನು ಕೆಡವಲಿಕ್ಕೆಂದೇ ನುಗ್ಗುತ್ತಾರೆ. ಅವರನ್ನು ತಡೆಯಲು ಮುಂದೆ ಐದು ಜನ ದಢೂತಿಗಳು ಸಾಲಾಗಿ ನಿಲ್ಲುತ್ತಾರೆ. ಬಲಗೈಯಲ್ಲಿ ಎಸೆಯುವವನು ಎಸೆಯುವಾಗ ಎಡಗಡೆಗೆ ಬೆನ್ನು ಮಾಡಿರುತ್ತಾನೆ. ಆ ಕಡೆಯಿಂದ ಬರುವವನು ಅವನಿಗೆ ಕಾಣುವುದಿಲ್ಲ. ಹಾಗಾಗಿ ಎಡತುದಿಯ ದಢೂತಿ ಅವನ ಬೆನ್ನು ಕಾಯಬೇಕು. ನಾನು ಆ ಎಡತುದಿಯವನು.

ಅವರಿಗೆ ಈ ಆಟದ ಹುಚ್ಚು ಹಿಡಿದದ್ದು ಹೋಟೆಲಿನ ಟಿವಿಯಿಂದ. ಅಮೆರಿಕದಲ್ಲಿ ರವಿವಾರ ರಾತ್ರಿ ಆಡುವ ಪಂದ್ಯ ನಮಗೆ ಸೋಮವಾರ ನಸುಕಿಗೆ ಬರುತ್ತದೆ. ಹೋಟೆಲಿನಲ್ಲಿ ಅದು ಇಡ್ಲಿ ಬೇಯುವ ಹೊತ್ತು. ಭಟ್ಟರು ರೇಡಿಯೋದಲ್ಲಿ ದೇವರನಾಮ ಹಚ್ಚುತ್ತಿದ್ದುದರಿಂದ ಟಿವಿಯ ದನಿ ಬಂದ್. ವರ್ಷಗಟ್ಟಲೆ ಅವರು ಆ ಮೂಕ ಆಟವನ್ನು ನೋಡುತ್ತ ಚಟ್ನಿಗೆ ಕಾಯಿ ಒಡೆದರು. ಕಾಮೆಂಟರಿ ಕೇಳದೆ ಕಲಿತದ್ದರಿಂದಲೋ ಏನೋ, ಯಾರು ಎಲ್ಲಿ ಓಡುತ್ತಾರೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು, ಅದರ ಹೆಸರುಗಳು ಮಾತ್ರ ಗೊತ್ತಿರಲಿಲ್ಲ. ಐರೋಲಿಯ ಮೈದಾನವೊಂದರಲ್ಲಿ ಕೆಲವು ಕಾಲೇಜು ಹುಡುಗರು ಇದೇ ಆಟ ಆಡುತ್ತಾರೆಂದು ತಿಳಿದು ಒಂದು ದಿನ ಹೋಗಿ ಸೇರಿಕೊಂಡರು. ಮಾವ ಸಿಡಿಮಿಡಿಗೊಂಡರು. "ಕಾಯಿ ಬಿಸಾಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಬಿಸಾಡು, ಸಂಬಳವೂ ಉಂಟು," ಎಂದು ಗಿರಾಕಿಗಳ ಮುಂದೆಯೇ ಅನ್ನುತ್ತಿದ್ದರು.

ನನ್ನನ್ನು ಎಳೆದುಕೊಂಡು ಹೋದದ್ದು ಅವರೇ. ಒಂದು ದಿನ ಬಿಲ್ಲು ಕೊಡಲು ಗಲ್ಲೆಯ ಮುಂದೆ ನಿಂತಿದ್ದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಒಂದು ಗೋಡೆ ಇದ್ದ ಹಾಗೆ ಇದ್ದೀರಿ. ನಂಗೆ ಒಂದು ಗೋಡೆ ಬೇಕು," ಎಂದರು. ಲೋಕಲ್ ಟ್ರೇನಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ನಾನು ಕೂತರೆ ಉಳಿದ ಮೂವರು ನನ್ನ ಇಡೀ ವಂಶವನ್ನು ಮನಸ್ಸಿನಲ್ಲೇ ಬೈಯುತ್ತಿದ್ದರು. ಈ ಶರೀರ ಬೇಕು ಎಂದು ಕೇಳಿದವರು ಅವರೊಬ್ಬರೇ. ಅಂದಿನಿಂದ ನಾನು ಅವರಿಗೆ ಗೋಡೆ, ಅವರು ನನಗೆ ಅಣ್ಣ. ತಂಡದ ಮರಾಠಿ, ಪಂಜಾಬಿ, ಸಿಂಧಿ ಹುಡುಗರೂ ಅಣ್ಣಾ ಎಂದೇ ಕರೆದರು. ಮುಂಬಯಿಯಲ್ಲಿ ಇಡ್ಲಿ ಮಾರುವವರೆಲ್ಲ ಅಣ್ಣಾ ಆಗುವುದು ಗೊತ್ತಿದ್ದದ್ದೇ, ಆದರೆ ಇವರನ್ನು ಕರೆಯುವಾಗ ಅದರಲ್ಲಿ ಚೇಷ್ಟೆ ಇರುತ್ತಿರಲಿಲ್ಲ.

ಪ್ರಾಕ್ಟೀಸಿಗೆ ಬರುವಾಗ ಹೋಟೆಲಿನಿಂದ ದೊಡ್ಡ ಕ್ಯಾರಿಯರ್ ತುಂಬ ತಿಂಡಿ ತರುತ್ತಿದ್ದರು. ಓಡುವ ಹುಡುಗರಿಗೆ ಒಂದೊಂದು ವಡೆ. ಮುಂದೆ ನಿಲ್ಲುವ ಐದು ಜನರಿಗೆ ಲೆಕ್ಕವಿಲ್ಲ. "ಗೋಡೆಗೆ ಸಿಮೆಂಟು ಕಡಿಮೆ ಆದ್ರೆ ಬೀಳುವುದು ನಾನು," ಎಂದು ನಗುತ್ತಿದ್ದರು. ಚೆಂಡು ಯಾರ ಕೈಯಿಂದ ಜಾರಿದರೂ, ಯಾರು ಎಡವಿದರೂ, ಅವರ ಬಾಯಲ್ಲಿ ಬರುವುದು ಒಂದೇ ಮಾತು: "ಇಲ್ಲ ಇಲ್ಲ, ನಾನೇ ತಡ ಮಾಡಿದೆ." ಐರೋಲಿಯ ಉರಿಬಿಸಿಲಿನಲ್ಲಿ ಯಾರಿಗೂ ಇನ್ನೊಬ್ಬರನ್ನು ಬೈಯುವ ಅವಕಾಶವನ್ನೇ ಅವರು ಕೊಡುತ್ತಿರಲಿಲ್ಲ. ನನಗೆ ಈ ಗುಣ ಕಂಡರೆ ಬಹಳ ಗೌರವ. ಅದನ್ನು ಗುಣವೆಂದಷ್ಟೇ ತಿಳಿದುಕೊಂಡದ್ದು ಮುಂದೆ ನನಗೆ ಎಷ್ಟು ದುಬಾರಿಯಾಯಿತೆಂದು ಹೇಳುತ್ತೇನೆ.

ಪ್ರಾಕ್ಟೀಸ್ ಮುಗಿದ ಮೇಲೆ ಎಷ್ಟೋ ಸಲ ಡೋಂಬಿವಲಿಯ ಅವರ ಮನೆಗೆ ಹೋಗುತ್ತಿದ್ದೆ. ಬಾಗಿಲು ತೆರೆದೊಡನೆ ಅವರ ತಾಯಿ, "ಬಲ ಮಗಾ, ವನಸ್ ಮಲ್ಪುಗ," ಎನ್ನುತ್ತಿದ್ದರು. ಬಾ ಮಗನೇ, ಊಟ ಮಾಡೋಣ ಎಂದು. ನನಗೆ ತುಳು ಬರುವುದಿಲ್ಲ. ಬಂದ ಹೊಸತರಲ್ಲಿ, ಬಲಕ್ಕೆ ಹೋಗು ಅನ್ನುತ್ತಿದ್ದಾರೆಂದು ತಿಳಿದು ಬಲಗಡೆಯ ಕೋಣೆಗೆ ನುಗ್ಗಿದ್ದೆ. ಅಲ್ಲಿ ಅವರ ಹೆಂಡತಿ ಮಗುವನ್ನು ಮಲಗಿಸುತ್ತಿದ್ದರು. ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕನ್ನಡದಲ್ಲಿ ದಿಕ್ಕಾದ ಶಬ್ದ ತುಳುವಿನಲ್ಲಿ ಕರೆ ಎಂದು ಅಣ್ಣ ಬಿಡಿಸಿ ಹೇಳಿದರು. ಆಮೇಲೆ ಆ ಮನೆಯಲ್ಲಿ ಅದೆಷ್ಟು ಸಲ ಆ ಕರೆ ಕೇಳಿ ಊಟಕ್ಕೆ ಕೂತೆನೋ.

ಅಷ್ಟರಲ್ಲಿ ಹೊಸ ಲೀಗೊಂದು ಶುರುವಾಯಿತು. ಬೇರೆ ಬೇರೆ ಊರುಗಳ ತಂಡಗಳು, ಟಿವಿ, ಬಣ್ಣದ ಜೆರ್ಸಿ, ಅಮೆರಿಕದಿಂದ ಬಂದ ಕೋಚ್. ನಮ್ಮ ತಂಡದಿಂದ ಅಣ್ಣನಿಗೂ ನನಗೂ ಅದರ ಮುಂಬಯಿ ತಂಡಕ್ಕೆ ಕರೆ ಬಂತು. ಅಲ್ಲಿ ಒಂದು ತೊಂದರೆ ಕಾಣಿಸಿತು. ಆಟ ಶುರುವಾಗುವ ಮುಂಚೆ ಕ್ವಾರ್ಟರ್‌ಬ್ಯಾಕ್ ಎದುರಾಳಿಗಳು ನಿಂತ ರೀತಿಯನ್ನು ನೋಡಿ, ನಾವು ಐವರು ಯಾವ ಕಡೆ ಒತ್ತಬೇಕೆಂದು ಕೂಗಿ ಹೇಳಬೇಕು. ಇಂಗ್ಲಿಷೂ ಹಿಂದಿಯೂ ಎಲ್ಲರಿಗೂ ಗೊತ್ತು. ಮರಾಠಿಯಲ್ಲಿ ಕೂಗಿದರೆ ಪುಣೆಯವರಿಗೆ ತಿಳಿದುಬಿಡುತ್ತದೆ. ಅಣ್ಣ ಕನ್ನಡ ಹಿಡಿದರು. ಎಡ, ಬಲ, ಎರಡೇ ಶಬ್ದ. ಉಲ್ಹಾಸನಗರದ ಸಿಂಧಿ ಹುಡುಗನೊಬ್ಬ ವಾರವಿಡೀ ಎಡವನ್ನು ವಡಾ ಎಂದು, ಊಟದ ಹೊತ್ತಿನಲ್ಲೂ ಅದನ್ನೇ ಕೇಳುತ್ತ ಓಡಾಡಿದ. ಕೊನೆಗೆ ಎಲ್ಲರ ಕಿವಿಗೂ ಅದು ಕೂತಿತು. ನಾವು ಸಾಲುಸಾಲು ಪಂದ್ಯ ಗೆದ್ದೆವು. ನೀವೇನು ಕೂಗುತ್ತೀರೋ ದೇವರಿಗೇ ಗೊತ್ತು, ಆದರೆ ಗೋಡೆ ಅಲುಗುತ್ತದೆ ಎಂದು ಕೋಚ್ ಸಾಹೇಬರು ಅಣ್ಣನ ಬೆನ್ನು ತಟ್ಟಿದರು.

ಅದೇ ಕೋಚ್ ಸಾಹೇಬರು ಅಣ್ಣನ ಆಟದ ವಿಡಿಯೋಗಳನ್ನು ಯುರೋಪಿನ ತಂಡವೊಂದಕ್ಕೆ ಕಳಿಸಿದ್ದರು. ಎರಡನೆಯ ಸೀಸನ್ನಿನ ನಡುವೆ ಉತ್ತರ ಬಂತು. ಸೀಸನ್ ಮುಗಿದ ಮೇಲೆ ಬಂದು ಎಸೆದು ತೋರಿಸಿ, ಹಿಡಿಸಿದರೆ ಇಟ್ಟುಕೊಳ್ಳುತ್ತೇವೆ ಎಂದು. ಕಾಯಿ ಒಡೆಯುವ ಕೈಗೆ ಅಂಥದೊಂದು ಬಾಗಿಲು ತೆರೆದಿತ್ತು. ಮಾವ ಕೂಡ ಆ ವಾರ ಗಿರಾಕಿಗಳಿಗೆಲ್ಲ ಅದನ್ನು ಹೇಳಿಕೊಂಡರು. ಅಣ್ಣ ನನಗೆ ಟ್ರೇನಿನಲ್ಲಿ ಹೇಳಿದರು, ಬಾಗಿಲ ಹತ್ತಿರ ನಿಂತು, ಗಾಳಿಯಲ್ಲಿ ಅರ್ಧ ಮಾತು ಹಾರಿಹೋಗುತ್ತಿರುವಾಗ. "ಹೆದರಿಕೆ ಆಗ್ತದೆ ಮಾರಾಯ. ಅಲ್ಲಿ ನನ್ನ ಗೋಡೆ ಇರುದಿಲ್ಲ ಅಲ್ವಾ."

ಮುಂದಿನ ಪಂದ್ಯದಲ್ಲೇ ಆಯಿತು ಅದು. ನಡೆದದ್ದು ಗುಟ್ಟೇನೂ ಅಲ್ಲ, ಟಿವಿಯಲ್ಲಿ ತೋರಿಸಿದ್ದಾರೆ. ಚೆಂಡು ಅಣ್ಣನ ಕೈಗೆ ಬಂತು. ನನ್ನೆದುರಿಗಿದ್ದವನು ಒಳಕ್ಕೆ ತಿರುಗಿದ, ಅವನನ್ನು ತಡೆಯಲು ನಾನೂ ಒಳಕ್ಕೆ ವಾಲಿದೆ. ಆಗ ಹೊರಗಿನಿಂದ ಇನ್ನೊಬ್ಬ ಸುತ್ತು ಹಾಕಿ ಎಡಗಡೆಯಿಂದ ನುಗ್ಗಿದ. ಅಣ್ಣ ಅವನನ್ನು ಕಂಡರು. ಕಂಡು, ನನ್ನನ್ನು ಕರೆದರು: "ಬಲ, ಬಲ!" ಕರೆದವರೇ, ನಾನು ಬಂದೇ ಬರುತ್ತೇನೆಂದು ನಂಬಿ, ಎಡಕ್ಕೆ ಬೆನ್ನು ಮಾಡಿ ಎಸೆಯಲು ಕೈ ಎತ್ತಿದರು. ನಾನು ಬಲಕ್ಕೆ ಹೋದೆ. ನನ್ನ ಪೂರ್ತಿ ಭಾರ ಹಾಕಿ, ಬಲಕ್ಕೆ. ಎತ್ತಿದ ಕೈಯ ಮೇಲೆ ಆ ಮನುಷ್ಯ ಬಿದ್ದ ಸದ್ದನ್ನು ನಾನು ನೋಡದೆಯೇ ಕೇಳಿದೆ.

ಸಂಜೆ ವಿಡಿಯೋ ಹಾಕಿ ನೋಡಿದರು. ಕೂಗಿದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಬಲ ಎಂದರೆ ಬಲಕ್ಕೆ, ಅದು ತಂಡದ ನಿಯಮ. ನೀನು ಮಾಡಿದ್ದು ಸರಿಯೇ ಇದೆ, ಅಣ್ಣನೇ ತಪ್ಪು ಕೂಗಿದರು ಎಂದು ಎಲ್ಲರೂ ನನ್ನ ಹೆಗಲ ಮೇಲೆ ಕೈಯಿಟ್ಟರು. ಅವರಿಗೆ ತುಳು ಗೊತ್ತಿಲ್ಲ. ಪ್ರಾಣಕ್ಕೆ ಬಂದಾಗ ಮನುಷ್ಯನ ಬಾಯಿಗೆ ತಾಯಿಯ ಮಾತು ಬರುತ್ತದೆಯೇ ಹೊರತು ತಂಡದ ಮಾತಲ್ಲ. ಅಣ್ಣನನ್ನು ಬಿಟ್ಟರೆ ಇಡೀ ಮೈದಾನದಲ್ಲಿ ಆ ಎರಡು ಅರ್ಥಗಳನ್ನು ಬಲ್ಲವನು ನಾನೊಬ್ಬನೇ ಇದ್ದೆ. ಅನ್ನ ತಿಂದ ಮನೆಯ ಕರೆ ಅದು. ನಿಯಮದ ಪ್ರಕಾರ ನಾನು ಸರಿ ಎಂಬ ಮಾತು ನನಗೆ ಒಂದು ದಿನವೂ ನಿದ್ದೆ ತಂದುಕೊಟ್ಟಿಲ್ಲ.

ಆಸ್ಪತ್ರೆಯಲ್ಲಿ ಅವರ ಭುಜವನ್ನು ಎದೆಗೆ ಕಟ್ಟಿ ಮಲಗಿಸಿದ್ದರು. ಕೈ ಇನ್ನು ಹೆಗಲಿನಿಂದ ಮೇಲಕ್ಕೆ ಏಳುವುದು ಕಷ್ಟವೆಂದು ಡಾಕ್ಟರು ಆಗಲೇ ಹೇಳಿಯಾಗಿತ್ತು. ನಾನು ಒಳಗೆ ಹೋದಾಗ ಅವರೇ ಮೊದಲು ಮಾತಾಡಿದರು. "ನನ್ನದೇ ತಪ್ಪು ಮಾರಾಯ. ನಾನು ಹಾಗೆ ಕರೀಬಾರ್ದಿತ್ತು." ಇಲ್ಲ ಇಲ್ಲ, ನಾನೇ ತಡ ಮಾಡಿದೆ ಎನ್ನುವ ಅದೇ ಮನುಷ್ಯ, ಅದೇ ದೊಡ್ಡ ಗುಣ ಎಂದುಕೊಂಡೆ. ಕೈ ಮುರಿದುಕೊಂಡು ಮಲಗಿರುವಾಗಲೂ ನನ್ನನ್ನು ಕಾಪಾಡುತ್ತಿದ್ದಾರಲ್ಲ. ಮುಖ ನೋಡಲಾಗದೆ ಕಿಟಕಿಯ ಕಡೆ ತಿರುಗಿ, "ಇರ್ಲಿ ಬಿಡ್ರಿ ಅಣ್ಣಾರ. ಆ ಮಾತ್ ತೆಗೀಬ್ಯಾಡ್ರಿ ಇನ್ನ," ಎಂದೆ. ನಮ್ಮ ಕಡೆಯ ಕನ್ನಡದಲ್ಲಿ ಅದು ಅಳು ತಡೆದುಕೊಂಡು ಆಡುವ ಮಾತು. ಕರಾವಳಿಯವರ ಕಿವಿಗೆ ಅದು ಹೇಗೆ ಕೇಳೀತೆಂದು ನಾನು ಯೋಚಿಸಲಿಲ್ಲ. ಆಮೇಲೆ ಬಹಳ ವರ್ಷ ಅವರು ಆ ಮಾತು ತೆಗೆಯಲಿಲ್ಲ.

ಲೀಗು ಆ ವರ್ಷವೇ ಮುಚ್ಚಿತು. ಅಣ್ಣ ಹೋಟೆಲಿಗೆ ವಾಪಸಾದರು. ರವಿವಾರ ಡೋಂಬಿವಲಿಯ ಒಂದು ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸತೊಡಗಿದರು. ಯಾರೂ ಯಾರನ್ನೂ ಕೆಡವದೆ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಎಳೆದುಕೊಳ್ಳುವ ಮೆತ್ತನೆಯ ಆಟ. ನನ್ನನ್ನೂ ಕರೆದರು. ಒಂದೆರಡು ಸಲ ಹೋದೆ. ಅವರು ಎಡಗೈಯಲ್ಲಿ ಎಸೆಯಲು ಕಲಿಯುತ್ತಿದ್ದರು. ಚೆಂಡು ಸತ್ತ ಕಾಗೆಯಂತೆ ಬಂದು ಬೀಳುತ್ತಿತ್ತು, ಮಕ್ಕಳು ನಗುತ್ತಿದ್ದರು, ಅವರೂ ನಗುತ್ತಿದ್ದರು. ಅಂಗಿ ಹಾಕಿಕೊಳ್ಳುವಾಗ ಬಲಗೈಯನ್ನು ಎಡಗೈಯಿಂದ ಎತ್ತಿ ತೋಳಿಗೆ ತುರುಕುತ್ತಿದ್ದರು. ಅದನ್ನು ನೋಡಿದ ಮೇಲೆ ನನಗೆ ಅಲ್ಲಿಗೆ ಹೋಗಲು ಆಗಲಿಲ್ಲ. ಮೊದಲು ಜ್ವರ ಅಂದೆ, ಆಮೇಲೆ ಆಫೀಸು ಅಂದೆ, ಆಮೇಲೆ ಅವರು ಕೇಳುವುದನ್ನು ಬಿಟ್ಟರು.

ಮದುವೆಯಾಗಿ ನಾನು ಬದಲಾಪುರಕ್ಕೆ ಮನೆ ಬದಲಿಸಿದೆ. ಆಫೀಸು ಠಾಣೆಯಲ್ಲಿ. ಅಂದರೆ ದಿನಾ ಬೆಳಿಗ್ಗೆ ಸಂಜೆ ಕಲ್ಯಾಣದ ಮೇಲೆ, ಡೋಂಬಿವಲಿಯ ಮೇಲೆ ಹೋಗಿಬರುವುದು. ತುಂಬಿದ ಬದಲಾಪುರದ ಗಾಡಿಯಿಂದ ನಡುವೆ ಡೋಂಬಿವಲಿಯಲ್ಲಿ ಇಳಿಯಹೋದರೆ ದೂರ ಹೋಗುವ ಜನ ಬಾಗಿಲಿಗೆ ಬಿಡುವುದಿಲ್ಲ ಎಂದು ಹೆಂಡತಿಗೆ ಹೇಳುತ್ತಿದ್ದೆ. ಇಷ್ಟು ದೊಡ್ಡ ದೇಹ ಇಟ್ಟುಕೊಂಡು ನೀವೇ ಹೀಗಂದರೆ ಹೇಗೆ ಎಂದು ಅವಳು ನಗುತ್ತಿದ್ದಳು. ನಿಜ ಹೇಳಬೇಕೆಂದರೆ, ಅವರ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ. ಅವರು ಒಂದು ಸಲ ಬೈದಿದ್ದರೆ ಹೋಗುತ್ತಿದ್ದೆನೇನೋ. ಬೈಯದ ಮನುಷ್ಯನ ಎದುರು ಕೂತು ಚಹಾ ಕುಡಿಯುವುದು ನನ್ನಿಂದಾಗುತ್ತಿರಲಿಲ್ಲ.

ಒಮ್ಮೆ ಠಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಎದುರಾದರು. ಕೂದಲು ನೆರೆತಿತ್ತು, ಎಡಹೆಗಲಿಗೆ ಚೆಂಡುಗಳ ಚೀಲ.

"ಗೋಡೆ, ಆರಾಮಾ?"

"ಆರಾಮ್ರಿ."

"ಒಂದು ಆದಿತ್ಯವಾರ ಬಾ. ಮುಂದೆ ನಿಲ್ಲುದು ಹೇಗೆ ಅಂತ ಮಕ್ಕಳಿಗೆ ತೋರಿಸ್ಲಿಕ್ಕೆ ಒಬ್ಬ ಬೇಕಿತ್ತು."

"ನೋಡೋಣ್ರಿ."

ಅವರು ಚೀಲವನ್ನು ಕೆಳಗಿಟ್ಟರು. "ಮತ್ತೆ, ನೀನು ಆ ದಿನ..." ಎಂದು ಶುರು ಮಾಡಿದರು. ನನ್ನ ಗಾಡಿ ಬಂತು. ಬರುತ್ತೇನೆ ಎಂದು ಸನ್ನೆ ಮಾಡಿ ಹತ್ತಿಕೊಂಡೆ. ಅದರ ಹಿಂದೆಯೇ ಇನ್ನೊಂದು ಗಾಡಿ ಇತ್ತು, ಬೋರ್ಡಿನಲ್ಲಿ ಕಾಣುತ್ತಿತ್ತು.

ಈ ಮಳೆಗಾಲದಲ್ಲಿ ಅವರು ಹೋದರು. ಬೆಳಿಗ್ಗೆ ಹೋಟೆಲಿನ ಶಟರ್ ಎತ್ತುವ ಮುಂಚೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಹಳೆಯ ತಂಡದ ಹುಡುಗರ ಫೋನಿನ ಗುಂಪನ್ನು ನಾನು ತೆರೆದು ನೋಡುವುದನ್ನೇ ಬಿಟ್ಟಿದ್ದೆ. ಹಾಗಾಗಿ ಗೊತ್ತಾಗುವಾಗ ಎಲ್ಲ ಮುಗಿದಿತ್ತು. ಆ ಸಂಜೆ ಡೋಂಬಿವಲಿಯಲ್ಲಿ ಇಳಿದೆ. ಯಾರೂ ನನ್ನನ್ನು ಬಾಗಿಲಲ್ಲಿ ತಡೆಯಲಿಲ್ಲ.

ಮನೆಯಲ್ಲಿ ಅವರ ತಾಯಿ ಗೋಡೆಗೊರಗಿ ಕೂತಿದ್ದರು. ಕಿವಿ ಮಂದವಾಗಿದೆ, ನನ್ನ ಗುರುತು ಹತ್ತಿತೋ ಇಲ್ಲವೋ. ಕಾಲೇಜಿಗೆ ಹೋಗುವ ಅಣ್ಣನ ಮಗಳು, "ಅಂಕಲ್, ಪಾನೀ ಲೋ," ಎಂದು ನೀರು ಕೊಟ್ಟು ಒಳಗೆ ಹೋದಳು. ಅಣ್ಣನ ಹೆಂಡತಿಯನ್ನು ನಾನು ಮೊದಲಿನಿಂದಲೂ ವೈನಿ ಎನ್ನುತ್ತಿದ್ದವನು. ವೈನಿ ನನ್ನೆದುರು ಬಂದು ಕೂತರು. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಸುತ್ತಿದರು, ಬಿಚ್ಚಿದರು.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮಗೆ ಅವರ ಮೇಲೆ ಇನ್ನೂ ಸಿಟ್ಟು ಉಂಟಾ?"

ನನಗೆ ತಿಳಿಯಲಿಲ್ಲ. ಯಾರ ಸಿಟ್ಟು ಎಂದು ಕೇಳಿದೆ.

"ಅವರು ಯಾವಾಗ್ಲೂ ಹೇಳ್ತಿದ್ರು. ನನ್ನ ಬಾಯಲ್ಲಿ ತುಳು ಬಂತು, ಅದರಿಂದ ಅವನು ಟಿವಿಯಲ್ಲಿ ಎಲ್ಲರ ಎದುರು ಮಂಗ ಆದ. ಪಾಪ, ಅವನ ಆಟವೂ ಅಲ್ಲಿಗೆ ಮುಗೀತು. ಆಸ್ಪತ್ರೆಯಲ್ಲಿ ತಪ್ಪಾಯ್ತು ಅಂದೆ, ಆ ಮಾತು ತೆಗೀಬೇಡಿ ಅಂದ, ಮುಖ ಸಹ ನೋಡಲಿಲ್ಲ ಅಂತ. ಮತ್ತೆ ನೀವು ಬರುದನ್ನೂ ಬಿಟ್ರಿ. ಸ್ಟೇಷನ್ನಿನಲ್ಲಿ ಸಿಕ್ಕಿದಾಗ ಮಾತಾಡ್ಲಿಕ್ಕೆ ಹೋದ್ರಂತೆ, ನಿಲ್ಲಲಿಲ್ಲವಂತೆ ನೀವು. ಅವತ್ತು ಊಟ ಮಾಡ್ಲಿಲ್ಲ."

ಅವರು ನನ್ನನ್ನು ಕಾಪಾಡಲು ಆ ಮಾತು ಆಡಿರಲಿಲ್ಲ. ನಿಜವಾಗಿಯೇ ನನ್ನಲ್ಲಿ ಕ್ಷಮೆ ಕೇಳಿದ್ದರು. ಕೇಳಿ, ಉತ್ತರಕ್ಕಾಗಿ ಇಷ್ಟು ವರ್ಷ ಕಾದಿದ್ದರು. ನಾನು ನಾಚಿಕೆಯಿಂದ ದೂರವಿದ್ದದ್ದನ್ನು ಸಿಟ್ಟು ಎಂದು ತಿಳಿದು ಹೊತ್ತುಕೊಂಡು ಹೋಗಿದ್ದರು.

"ವೈನಿ, ಹಂಗಲ್ರಿ. ತಪ್ಪು ನಂದ್ರಿ. ಆ ಶಬ್ದ ನನಗ ಗೊತ್ತಿತ್ರಿ. ಇದ ಮನ್ಯಾಗ ಕಲ್ತದ್ದು."

ವೈನಿ ತಲೆಯಾಡಿಸಿದರು. "ನೀವು ದೊಡ್ಡ ಮನಸ್ಸಿನವರು, ಹಾಗೆ ಹೇಳ್ತೀರಿ. ಅವರೂ ಹಾಗೆಯೇ, ಎಲ್ಲದಕ್ಕೂ ತಪ್ಪು ತನ್ನದೇ ಅನ್ನುದು. ಅದೆಲ್ಲ ಬೇಡ. ಸಿಟ್ಟಿಲ್ಲ ಅಂತ ಒಂದು ಮಾತು ಹೇಳಿ, ಸಾಕು ನಮಗೆ."

ಇನ್ನೊಮ್ಮೆ ಬಿಡಿಸಿ ಹೇಳಲು ಬಾಯಿ ತೆರೆದೆ. ಅವರ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು. ಅವರಿಗೆ ಬೇಕಾದದ್ದು ನನ್ನ ತಪ್ಪೊಪ್ಪಿಗೆಯಾಗಿರಲಿಲ್ಲ.

"ಸಿಟ್ಟಿಲ್ರಿ ವೈನಿ," ಎಂದೆ.

ವೈನಿ ಕಣ್ಣೊರೆಸಿಕೊಂಡು ಎದ್ದು ಹೋಗಿ, ಅತ್ತೆಯ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದರು: "ಆರೆಗ್ ಕೋಪ ಇಜ್ಜಿಗೆ." ಅವರಿಗೆ ಸಿಟ್ಟಿಲ್ಲವಂತೆ. ಅಷ್ಟು ತುಳು ನನಗೆ ಅರ್ಥವಾಯಿತು. ಮುದುಕಿ ನಿಧಾನವಾಗಿ ನನ್ನ ಕಡೆ ತಿರುಗಿದರು, ಕೈಗಳನ್ನು ಜೋಡಿಸಿ ಹಣೆಯವರೆಗೆ ಎತ್ತಿ ನನಗೆ ಮುಗಿದರು. ನಾನು ಎದ್ದು ನಿಂತೆ. ಆ ಕೈಗಳನ್ನು ತಡೆಯಲು ನನಗಾಗಲಿಲ್ಲ.